ಕತ್ತಿ ಮತ್ತು ಮಾಟದ ಕಥೆಗಳು: ಯಾವುದನ್ನು ಆರಿಸಬೇಕು, ಎಲ್ಲಿಂದ ಓದಬೇಕು

ಇಂಗ್ಲಿಷಿನಲ್ಲಿ ‘ಸೋರ್ಡ್ ಆ್ಯಂಡ್ ಸಾರ್ಸರಿ’ ಎಂದು ಕರೆಯುವ, ಕತ್ತಿ ಹಿಡಿದ ಸಾಹಸಿಗಳೂ ಮಾಟಗಾರರೂ ಮುಖಾಮುಖಿಯಾಗುವ ಕಥಾಪ್ರಕಾರಕ್ಕೆ ಹೊಸದಾಗಿ ಕಾಲಿಡುವ ಓದುಗರು ಮೊದಲು ಎಡವುವುದು ಪುಸ್ತಕಗಳ ರಾಶಿಯ ಮುಂದೆ. ಕೋನನ್ ಎಂಬ ಒಬ್ಬ ನಾಯಕನ ಹೆಸರಿನಲ್ಲಿಯೇ ಮೂಲ ಲೇಖಕರು ಬರೆದುದಕ್ಕಿಂತ ಎಷ್ಟೋ ಹೆಚ್ಚು ಪುಟಗಳನ್ನು ಬೇರೆಯವರು ಬರೆದಿದ್ದಾರೆ. ಸರಣಿಗಳ ಸಂಪುಟಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿರುತ್ತಾರೆ. ಆದರೆ ಆ ಅಂಕಿಗಳಿಗೂ ಕಥೆಗಳನ್ನು ಬರೆದ ಕ್ರಮಕ್ಕೂ ಹಲವು ಸಲ ಸಂಬಂಧವೇ ಇರುವುದಿಲ್ಲ. ಮೊದಲ ಸಂಪುಟದ ಮೊದಲ ಪುಟದಿಂದ ನಿಷ್ಠೆಯಿಂದ ಆರಂಭಿಸಿದವರು ದುರ್ಬಲವಾದ ಒಂದೆರಡು ಕಥೆಗಳನ್ನು ಓದಿ, ಇದು ಇಷ್ಟೇ ಎಂದು ಪುಸ್ತಕ ಮುಚ್ಚಿಡುವುದುಂಟು. ಈ ಪ್ರಕಾರದ ಜೀವವಿರುವುದು ಬಿಡಿ ಸಣ್ಣಕಥೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಸರಣಿಯನ್ನೋ ನಾಯಕನನ್ನೋ ಆರಿಸುವ ಬದಲು ಒಂದೊಂದೇ ಕಥೆಯನ್ನು ಆರಿಸಿ, ಒಬ್ಬ ಲೇಖಕರಿಂದ ಇನ್ನೊಬ್ಬರಿಗೆ ದಾಟುತ್ತ ಓದಬೇಕು. ಏಕೆ ಎಂಬುದು ಈ ಕಥೆಗಳು ಹುಟ್ಟಿದ ಬಗೆಯನ್ನು ತಿಳಿದರೆ ಸ್ಪಷ್ಟವಾಗುತ್ತದೆ.

1923ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ವಿಯರ್ಡ್ ಟೇಲ್ಸ್’ ಎಂಬ ಅಗ್ಗದ ಕಾಗದದ ಕಥಾಪತ್ರಿಕೆಯೇ ಈ ಪ್ರಕಾರದ ತೊಟ್ಟಿಲು. ಅಲ್ಲಿ ಬರೆಯುವವರಿಗೆ ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ ಸಂಭಾವನೆ ಸಿಗುತ್ತಿತ್ತು, ಮತ್ತು ಒಂದು ಸಂಚಿಕೆಯನ್ನು ಕೊಂಡ ಓದುಗ ಹಿಂದಿನ ಸಂಚಿಕೆಯನ್ನು ನೋಡಿರುತ್ತಾನೆ ಎಂಬ ಖಾತರಿ ಯಾರಿಗೂ ಇರಲಿಲ್ಲ. ಹೀಗಾಗಿ ನಾಯಕ ಅವನೇ ಆದರೂ ಪ್ರತಿ ಕಥೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಾಗಿತ್ತು: ಮೊದಲ ಎರಡು ಪುಟಗಳಲ್ಲಿ ಊರು, ಅಪಾಯ, ಆಸೆ ಮೂರೂ ಮೂಡಬೇಕು, ಮೂವತ್ತು ನಲವತ್ತು ಪುಟಗಳಲ್ಲಿ ಎಲ್ಲವೂ ಮುಗಿಯಬೇಕು. ಪ್ರಕಾರಕ್ಕೆ ಇಂದಿನ ಹೆಸರು ಬಂದದ್ದು ಬಹಳ ತಡವಾಗಿ, 1961ರಲ್ಲಿ. ಇಂಥ ಕಥೆಗಳನ್ನು ಬರೆಯುತ್ತಿದ್ದ ಮೈಕೆಲ್ ಮೂರ್ಕಾಕ್ ಅವರು ಇವನ್ನು ಏನೆಂದು ಕರೆಯೋಣ ಎಂದು ಕೇಳಿದಾಗ ಇನ್ನೊಬ್ಬ ಲೇಖಕ ಫ್ರಿಟ್ಜ್ ಲೈಬರ್ ಅವರು ಆ ಹೆಸರನ್ನು ಸೂಚಿಸಿದರು. ಅಷ್ಟು ಹೊತ್ತಿಗೆ ಪ್ರಕಾರದ ಅತ್ಯುತ್ತಮ ಕಥೆಗಳಲ್ಲಿ ಹಲವು ಆಗಲೇ ಹಳೆಯ ಸಂಚಿಕೆಗಳಲ್ಲಿ ಹೂತುಹೋಗಿದ್ದವು.

ರಾಜ್ಯಗಳ ಅಳಿವು ಉಳಿವು, ಶುಭ ಮತ್ತು ಅಶುಭಗಳ ಮಹಾಯುದ್ಧ ಇವನ್ನು ಸಾವಿರಾರು ಪುಟಗಳಲ್ಲಿ ಹೇಳುವ ಬೃಹತ್ ಫ್ಯಾಂಟಸಿ ಕಾದಂಬರಿಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಉದ್ದದ್ದು ಮಾತ್ರವಲ್ಲ. ಇಲ್ಲಿ ಲೋಕವನ್ನು ಉಳಿಸುವ ಹೊಣೆ ಯಾರ ಮೇಲೂ ಇಲ್ಲ. ಒಬ್ಬನಿಗೆ ಸಾಲ ತೀರಿಸಬೇಕಾಗಿದೆ, ಒಬ್ಬಳಿಗೆ ಅವಮಾನಕ್ಕೆ ಪ್ರತೀಕಾರ ಬೇಕಾಗಿದೆ, ಇನ್ನೊಬ್ಬನಿಗೆ ಗೋಪುರದ ತುದಿಯಲ್ಲಿರುವ ರತ್ನ ಬೇಕಾಗಿದೆ. ನಾಯಕರು ಸಾಮಾನ್ಯವಾಗಿ ಕಳ್ಳರು, ಕೂಲಿ ಸೈನಿಕರು, ದೇಶಾಂತರ ಬಂದವರು. ಎಲ್ಲಕ್ಕಿಂತ ಮುಖ್ಯವಾಗಿ, ಮಾಟವೆಂಬುದು ನಾಯಕನ ಕೈಯಲ್ಲಿರುವ ಉಪಕರಣವಲ್ಲ. ಅದು ಅವನಿಗೆ ಅರ್ಥವಾಗದ, ಅವನನ್ನು ಲೆಕ್ಕಕ್ಕೇ ಇಡದ ಪರಕೀಯ ಶಕ್ತಿ. ಅದರೆದುರು ಅವನಲ್ಲಿರುವುದು ಕೈಯಲ್ಲಿನ ಕಬ್ಬಿಣ, ಮೈಯ ಬಲ ಮತ್ತು ಹೆದರಿದರೂ ಹಿಂದೆ ಸರಿಯದ ಮನಸ್ಸು.

ಇದರಿಂದಲೇ ಆಯ್ಕೆಯ ಅಳತೆಗೋಲೂ ಹೊರಡುತ್ತದೆ. ಮಾಟ ನಿಜಕ್ಕೂ ಭಯ ಹುಟ್ಟಿಸುತ್ತದೆಯೇ, ಇಲ್ಲವೇ ಬಣ್ಣದ ಬೆಂಕಿಯ ಪ್ರದರ್ಶನವಾಗಿ ಉಳಿಯುತ್ತದೆಯೇ ಎಂದು ಮೊದಲು ನೋಡಬೇಕು. ನಾಯಕ ಏನನ್ನಾದರೂ ತೆತ್ತು ಹೊರಬರುತ್ತಾನೆಯೇ ಎಂಬುದು ಅಷ್ಟೇ ಮುಖ್ಯ. ಕೂದಲೂ ಕೊಂಕದೆ ಗೆಲ್ಲುವ ವೀರರ ಕಥೆಗಳು ಓದಿದ ಮರುದಿನ ನೆನಪಿರುವುದಿಲ್ಲ. ಊರು ಮತ್ತು ಕಟ್ಟಡಗಳು ಬರಿಯ ಹಿನ್ನೆಲೆಯ ಪರದೆಯಾಗಿವೆಯೇ, ಅಥವಾ ಕಥೆ ಅಲ್ಲಿ ಬಿಟ್ಟು ಬೇರೆಲ್ಲೂ ನಡೆಯಲಾರದೇ ಎಂಬುದನ್ನೂ ಗಮನಿಸಬೇಕು. ಪ್ರಸಿದ್ಧಿಯನ್ನು ಅಳತೆಯಾಗಿ ಇಟ್ಟುಕೊಂಡರೆ ಮೋಸಹೋಗುತ್ತೇವೆ, ಏಕೆಂದರೆ ಈ ಕ್ಷೇತ್ರದಲ್ಲಿ ಪ್ರಸಿದ್ಧಿಯನ್ನು ಬಹುಮಟ್ಟಿಗೆ ತಂದುಕೊಟ್ಟವು ಮುಖಪುಟದ ಚಿತ್ರಗಳು, ಕಾಮಿಕ್ಸ್ ಮತ್ತು ಸಿನಿಮಾಗಳು.

ಟೆಕ್ಸಾಸ್ ಪ್ರಾಂತ್ಯದ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ ಕುಳಿತು ಬರೆದ ರಾಬರ್ಟ್ ಇ. ಹೋವರ್ಡ್ ಅವರಿಂದ ಆರಂಭಿಸುವುದು ಅನಿವಾರ್ಯ. 1906ರಲ್ಲಿ ಹುಟ್ಟಿದ ಅವರು 1936ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ‘ವಿಯರ್ಡ್ ಟೇಲ್ಸ್’ ಪತ್ರಿಕೆಯ 1929ರ ಆಗಸ್ಟ್ ಸಂಚಿಕೆಯಲ್ಲಿ ಬಂದ ಅವರ ‘ದಿ ಶ್ಯಾಡೋ ಕಿಂಗ್‌ಡಮ್’ ಕಥೆಯನ್ನು ಈ ಪ್ರಕಾರದ ಮೊದಲ ಕಥೆಯೆಂದು ಬಹುಪಾಲು ವಿಮರ್ಶಕರು ಒಪ್ಪುತ್ತಾರೆ. ಅದರ ನಾಯಕ ಕುಲ್ ಪರದೇಶದಿಂದ ಬಂದು ಸಿಂಹಾಸನವೇರಿದ ರಾಜ. ಅವನ ಆಸ್ಥಾನದಲ್ಲಿ ಮನುಷ್ಯರ ಮುಖವಾಡ ಧರಿಸಿದ ಹಾವಿನ ಕುಲದವರು ಸೇರಿಕೊಂಡಿದ್ದಾರೆ, ಮತ್ತು ತನ್ನೆದುರಿಗೆ ನಿಂತ ಮಂತ್ರಿ ಮಂತ್ರಿಯೇ ಹೌದೇ ಎಂಬ ಶಂಕೆ ಅವನನ್ನು ಹುಚ್ಚಿನ ಅಂಚಿಗೆ ಒಯ್ಯುತ್ತದೆ. ಕುಲ್‌ನನ್ನು ಕುರಿತು ಬರೆದು ಮಾರಾಟವಾಗದೆ ಉಳಿದಿದ್ದ ಒಂದು ಕಥೆಯನ್ನು ಹೋವರ್ಡ್ ತಿದ್ದಿ ಬರೆದಾಗ ಹುಟ್ಟಿದ್ದು ‘ದಿ ಫೀನಿಕ್ಸ್ ಆನ್ ದಿ ಸೋರ್ಡ್’. 1932ರ ಡಿಸೆಂಬರಿನಲ್ಲಿ ಅಚ್ಚಾದ ಈ ಕಥೆಯಲ್ಲಿ ಕೋನನ್ ಮೊದಲ ಬಾರಿಗೆ ಕಾಣಿಸಿಕೊಂಡ.

ಆ ಮೊದಲ ಕಥೆಯಲ್ಲೇ ಕೋನನ್ ನಡುವಯಸ್ಸಿನ ರಾಜ. ಅನಂತರ ಬಂದ ಕಥೆಗಳಲ್ಲಿ ಅವನು ಒಮ್ಮೆ ಎಳೆಯ ಕಳ್ಳ, ಒಮ್ಮೆ ಕಡಲುಗಳ್ಳ, ಒಮ್ಮೆ ಗುಡ್ಡಗಾಡಿನ ಪಡೆಯ ನಾಯಕ. ದೇಶ ಸುತ್ತಿದ ಸಾಹಸಿಯೊಬ್ಬ ತನ್ನ ಬದುಕಿನ ಘಟನೆಗಳನ್ನು ನೆನಪಾದಂತೆ, ಹಿಂದುಮುಂದಾಗಿ ಹೇಳಿದ ಹಾಗೆ ಈ ಕಥೆಗಳು ತಮಗೆ ಬಂದವು ಎಂದು ಹೋವರ್ಡ್ ಪತ್ರವೊಂದರಲ್ಲಿ ವಿವರಿಸಿದ್ದಾರೆ. ಅವನ್ನು ನಾಯಕನ ವಯಸ್ಸಿಗನುಗುಣವಾಗಿ ಜೋಡಿಸಿ, ನಡುವಿನ ಖಾಲಿ ಜಾಗಗಳನ್ನು ತುಂಬಲು ಹೊಸ ಕಥೆಗಳನ್ನು ಸೇರಿಸಿ, ಕೆಲವೆಡೆ ಮೂಲವನ್ನೂ ತಿದ್ದಿ ಪ್ರಕಟಿಸಿದ್ದು 1966ರಿಂದ ಬಂದ ಲ್ಯಾನ್ಸರ್ ಪೇಪರ್‌ಬ್ಯಾಕ್‌ಗಳು, ಸಂಪಾದಕರು ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಮತ್ತು ಲಿನ್ ಕಾರ್ಟರ್. ಫ್ರಾಂಕ್ ಫ್ರಜೆಟ್ಟಾ ಅವರ ಮುಖಪುಟಗಳಿದ್ದ ಆ ಪುಸ್ತಕಗಳಿಲ್ಲದಿದ್ದರೆ ಹೋವರ್ಡ್ ಇಷ್ಟು ಜನರನ್ನು ತಲುಪುತ್ತಿರಲಿಲ್ಲ ಎಂಬುದು ನಿಜ. ಆದರೂ ಈಗ ಓದುವವರು 2003ರಿಂದ ಡೆಲ್ ರೇ ಸಂಸ್ಥೆ ಹೊರತಂದಿರುವ, ಹೋವರ್ಡ್ ಬರೆದ ಪಾಠವನ್ನು ಮರಳಿ ಸ್ಥಾಪಿಸಿ ಬರೆದ ಕ್ರಮದಲ್ಲೇ ಕೊಡುವ ಸಂಪುಟಗಳನ್ನೇ ಹಿಡಿಯುವುದು ಒಳ್ಳೆಯದು. ಮುಖಪುಟದಲ್ಲಿ ಹೋವರ್ಡ್ ಹೆಸರಿನ ಜೊತೆಗೆ ಇನ್ನೊಬ್ಬ ಲೇಖಕರ ಹೆಸರಿದ್ದರೆ ಒಳಗಿರುವುದು ಪೂರ್ತಿ ಮೂಲವಲ್ಲ ಎಂದು ತಿಳಿಯಬೇಕು. ಕೋನನ್ ಕುರಿತ 1982ರ ಸಿನಿಮಾವನ್ನು ನೋಡಿದವರಿಗೂ ಒಂದು ಮಾತು: ತಂದೆತಾಯಿಯ ಕೊಲೆ, ಗುಲಾಮಗಿರಿಯ ಗಾಣ, ಜೀವಮಾನದ ಸೇಡು ಇವ್ಯಾವುವೂ ಹೋವರ್ಡ್ ಅವರ ಕಥೆಗಳಲ್ಲಿ ಇಲ್ಲ. ಅವರ ಕೋನನ್ ಊರು ಬಿಟ್ಟದ್ದು ತನ್ನ ಇಚ್ಛೆಯಿಂದಲೇ.

ಒಂದೇ ಒಂದು ಕಥೆಯನ್ನು ಓದಿ ಪ್ರಕಾರವನ್ನು ಅಳೆಯಬೇಕೆನ್ನುವವರಿಗೆ ನಾನು ಕೊಡುವುದು 1933ರ ಮಾರ್ಚ್ ಸಂಚಿಕೆಯಲ್ಲಿ ಬಂದ ‘ದಿ ಟವರ್ ಆಫ್ ದಿ ಎಲಿಫೆಂಟ್’. ಕೋನನ್ ಇಲ್ಲಿ ಬೆಟ್ಟಸೀಮೆಯಿಂದ ನಗರಕ್ಕೆ ಬಂದ ಹುಡುಗ. ಕಳ್ಳರ ಕೇರಿಯ ಹೆಂಡದಂಗಡಿಯಲ್ಲಿ ಯಾರಾ ಎಂಬ ಮಾಟಗಾರನ ಗೋಪುರದಲ್ಲಿರುವ ರತ್ನದ ಸುದ್ದಿ ಕೇಳಿ, ಅದನ್ನು ಇದುವರೆಗೆ ಯಾರೂ ಏಕೆ ಕದ್ದಿಲ್ಲ ಎಂದು ಮುಗ್ಧವಾಗಿ ಪ್ರಶ್ನಿಸಿ ನಗೆಪಾಟಲಾಗುತ್ತಾನೆ. ಅದೇ ರಾತ್ರಿ ಗೋಪುರದ ತೋಟಕ್ಕೆ ನುಗ್ಗುತ್ತಾನೆ. ಅಲ್ಲಿ ಕಳ್ಳರ ರಾಜನೆಂದು ಹೆಸರಾದ ಟಾರಸ್ ಎಂಬವನು ಜೊತೆಯಾಗುತ್ತಾನೆ. ಅವನು ಕಪ್ಪು ಕಮಲದ ಪುಡಿಯನ್ನು ಕೊಳವೆಯಿಂದ ಊದಿ ಕಾವಲಿನ ಸಿಂಹಗಳನ್ನು ಸದ್ದಿಲ್ಲದೆ ಕೊಲ್ಲುತ್ತಾನೆ, ಹಗ್ಗ ಹಿಡಿದು ಇಬ್ಬರೂ ತುದಿಗೇರುತ್ತಾರೆ, ಮೊದಲು ಒಳಹೊಕ್ಕ ಟಾರಸ್ ಹಂದಿಗಾತ್ರದ ಜೇಡದ ವಿಷಕ್ಕೆ ಬಲಿಯಾಗುತ್ತಾನೆ. ಇಲ್ಲಿಯವರೆಗೆ ಇದು ಚುರುಕಾದ ಕಳವಿನ ಕಥೆ, ಅಷ್ಟೆ.

ಕೋನನ್ ಮುಂದಿನ ಕೋಣೆಗೆ ಇಳಿದಾಗ ಕಥೆ ಮಗ್ಗುಲು ಬದಲಿಸುತ್ತದೆ. ಅಲ್ಲಿ ಹಸಿರು ಮೈಯ, ಆನೆಯ ತಲೆಯ ವಿಗ್ರಹವೊಂದು ಕುಳಿತಿದೆ. ನೋಡುತ್ತಿದ್ದಂತೆ ಅದಕ್ಕೆ ಜೀವವಿರುವುದು ತಿಳಿಯುತ್ತದೆ; ಅದರ ಕಣ್ಣು ಕುರುಡಾಗಿದೆ, ಕೈಕಾಲುಗಳನ್ನು ಚಿತ್ರಹಿಂಸೆಯಿಂದ ಮುರಿಯಲಾಗಿದೆ. ಅದು ಯಾಗ್ ಎಂಬ ದೂರದ ಲೋಕದಿಂದ ಯುಗಗಳ ಹಿಂದೆ ಭೂಮಿಗೆ ಬಂದ ಯಾಗ್‌ಕೋಶ. ತನ್ನ ವಿದ್ಯೆಯನ್ನು ಕಲಿಸಿದ ಶಿಷ್ಯನೇ ಅದನ್ನು ಸೆರೆಯಲ್ಲಿಟ್ಟು ಹಿಂಸಿಸಿ ಮಾಟಗಾರನಾಗಿ ಮೆರೆಯುತ್ತಿದ್ದಾನೆ. ಹೆದರಿ ಕಲ್ಲಾಗಿದ್ದ ಹುಡುಗನ ಮನಸ್ಸಿನಲ್ಲಿ ಕರುಣೆ ಉಕ್ಕುತ್ತದೆ, ಇಡೀ ಮನುಷ್ಯಕುಲದ ಪಾಪ ತನ್ನೊಬ್ಬನ ಹೆಗಲಿಗೆ ಬಂದಂತಾಗುತ್ತದೆ. ಆ ಜೀವಿ ಕೇಳಿಕೊಂಡಂತೆ ಅವನು ಅದರ ಎದೆಯನ್ನು ಸೀಳಿ, ಹೃದಯದ ರಕ್ತವನ್ನು ರತ್ನದ ಮೇಲೆ ಹಿಂಡಿ, ಅದನ್ನು ಒಯ್ದು ಯಾರಾನ ಮುಂದಿಡುತ್ತಾನೆ. ಮಾಟಗಾರ ಕುಗ್ಗುತ್ತ ಕುಗ್ಗುತ್ತ ರತ್ನದೊಳಕ್ಕೆ ಸೆಳೆಯಲ್ಪಡುತ್ತಾನೆ. ರತ್ನ ಇಲ್ಲವಾಗುತ್ತದೆ, ಗೋಪುರ ಕುಸಿಯುತ್ತದೆ, ರತ್ನಕ್ಕಾಗಿಯೇ ಬಂದಿದ್ದ ಕಳ್ಳ ಬರಿಗೈಯಲ್ಲಿ ಬೆಳಗಿನ ಬೆಳಕಿಗೆ ಹೊರಬರುತ್ತಾನೆ. ಹೋವರ್ಡ್ ಎಲ್ಲಿಯೂ ಉಪದೇಶಿಸುವುದಿಲ್ಲ. ಏನನ್ನೂ ಗಳಿಸದ ಈ ಹುಡುಗ ಒಂದು ರಾತ್ರಿಯಲ್ಲಿ ಬೇರೆಯೇ ಆಗಿಬಿಟ್ಟಿದ್ದಾನೆ ಎಂಬುದನ್ನು ಓದುಗರೇ ಕಂಡುಕೊಳ್ಳಬೇಕು. ಗಜಮುಖವನ್ನು ಪ್ರತಿದಿನ ನೋಡಿ ಕೈಮುಗಿಯುವ ನಮ್ಮಂಥವರಿಗೆ ಆ ಕೋಣೆಯ ದೃಶ್ಯ ತಟ್ಟುವ ಬಗೆ ಟೆಕ್ಸಾಸಿನ ಓದುಗನಿಗೆ ತಟ್ಟಿದ್ದಕ್ಕಿಂತ ಬೇರೆಯಾಗಿರಲೇಬೇಕು. ಅವನಿಗೆ ವಿಕಾರವಾಗಿ ಕಂಡ ಮುಖ ನಮಗೆ ಮೊದಲ ನೋಟದಲ್ಲೇ ಮರುಕ ಹುಟ್ಟಿಸುತ್ತದೆ.

ಭಾರತದ ಓದುಗರು ಬಿಡಬಾರದ ಇನ್ನೊಂದು ಕೃತಿ 1934ರ ಸೆಪ್ಟೆಂಬರಿನಿಂದ ಮೂರು ಕಂತುಗಳಲ್ಲಿ ಬಂದ ‘ದಿ ಪೀಪಲ್ ಆಫ್ ದಿ ಬ್ಲ್ಯಾಕ್ ಸರ್ಕಲ್’. ವಿಂಧ್ಯದ ನೆನಪು ತರುವ ವೆಂಧ್ಯ ಎಂಬ ದೇಶ, ಅಯೋಧ್ಯೆ ಎಂಬ ರಾಜಧಾನಿ, ಹಿಮೇಲಿಯನ್ ಎಂಬ ಪರ್ವತಗಳು ಇದರಲ್ಲಿವೆ. ಭಾರತವನ್ನು ಕಾಣದ ಹೋವರ್ಡ್ ಅವರು ವಾಯವ್ಯ ಗಡಿಯ ಸಾಹಸಕಥೆಗಳನ್ನು ಓದಿ ಕಟ್ಟಿಕೊಂಡ ಈ ಲೋಕದಲ್ಲಿ ಅಂದಿನ ಪಾಶ್ಚಾತ್ಯರ ಪೂರ್ವಕಲ್ಪನೆಗಳು ಹೇರಳವಾಗಿವೆ, ಅದನ್ನು ತಿಳಿದೇ ಓದಬೇಕು. ಆದರೆ ಅದರ ಮೊದಲ ದೃಶ್ಯಕ್ಕೆ ಸಾಟಿಯಾದುದು ಈ ಪ್ರಕಾರದಲ್ಲಿ ಕಡಿಮೆ. ದೂರದ ಬೆಟ್ಟದ ಮಾಂತ್ರಿಕರು ರಾಜ ಭುಂಡ ಚಾಂದನ ಕೂದಲೆಳೆಯ ಮೂಲಕ ಅವನ ಆತ್ಮವನ್ನು ಎಳೆದೊಯ್ಯುತ್ತಿದ್ದಾರೆ. ಆತ್ಮ ಅವರ ಪಾಲಾಗುವ ಮೊದಲೇ ತನ್ನನ್ನು ಕೊಂದುಬಿಡು ಎಂದು ಅವನು ತಂಗಿ ಯಾಸ್ಮಿನಾಳನ್ನು ಬೇಡುತ್ತಾನೆ, ಅವಳು ಕಠಾರಿ ಎತ್ತುತ್ತಾಳೆ. ಮುಂದೆ ಯಾಸ್ಮಿನಾ ಸೇಡಿಗಾಗಿ ಕೋನನ್‌ನನ್ನು ಬಳಸಿಕೊಳ್ಳಲು ನೋಡುತ್ತಾಳೆ, ಅವನು ಅವಳನ್ನೇ ಹೊತ್ತೊಯ್ಯುತ್ತಾನೆ. ಕೊನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಾಗದೆ, ಅವಳು ತನ್ನ ರಾಜ್ಯಕ್ಕೂ ಅವನು ತನ್ನ ಪಡೆಗೂ ಮರಳುತ್ತಾರೆ.

ಹೋವರ್ಡ್ ಅವರ ಕಥೆಗಳಲ್ಲಿ ಅತ್ಯಂತ ಗಂಭೀರವಾದುದು 1935ರ ‘ಬಿಯಾಂಡ್ ದಿ ಬ್ಲ್ಯಾಕ್ ರಿವರ್’. ಅಲ್ಲಿ ಹೊಸದಾಗಿ ನೆಲೆನಿಂತ ರೈತರ ಗಡಿಯನ್ನು ಪಿಕ್ಟರೆಂಬ ಕಾಡಿನ ಬುಡಕಟ್ಟಿನವರು ನುಂಗುತ್ತಾರೆ, ಕೋಟೆ ಬೀಳುತ್ತದೆ, ಎಳೆಯ ಬಾಲ್ತಸ್ ಮತ್ತು ಒಡೆಯನನ್ನು ಕಳೆದುಕೊಂಡ ಒಂದು ನಾಯಿ ಊರವರು ತಪ್ಪಿಸಿಕೊಳ್ಳಲೆಂದು ದಾರಿಯಲ್ಲಿ ನಿಂತು ಸಾಯುತ್ತವೆ. ಕೋನನ್ ಇದ್ದರೂ ಗೆಲುವಿಲ್ಲ. ಬಿಟ್ಟರೂ ನಷ್ಟವಿಲ್ಲದವುಗಳೂ ಇವೆ: ಅವರ ಜೀವಿತಕಾಲದಲ್ಲಿ ಅಚ್ಚಾಗದ ‘ದಿ ವೇಲ್ ಆಫ್ ಲಾಸ್ಟ್ ವಿಮೆನ್’ ಕಥೆಯಲ್ಲಿ ಜನಾಂಗದ್ವೇಷ ಎಷ್ಟು ದಟ್ಟವಾಗಿದೆಯೆಂದರೆ ಅದನ್ನು ಬದಿಗೆ ಸರಿಸಿದರೆ ಕಥೆಯೇ ಉಳಿಯುವುದಿಲ್ಲ. ಬೇರೆ ಕೆಲವು ಕಥೆಗಳಲ್ಲೂ ಕಪ್ಪುಜನರ ಚಿತ್ರಣ ನೋವುಂಟುಮಾಡುತ್ತದೆ. ಕಾಲ ಹಾಗಿತ್ತು ಎಂಬ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ಅದೇ ಪ್ರಕಾರವನ್ನು ಪ್ರೀತಿಸಿದ ಕಪ್ಪು ಲೇಖಕರೊಬ್ಬರು ಈ ಕೊರತೆಗೆ ಉತ್ತರವನ್ನು ಬರೆದೇ ತೋರಿಸಿದರು. ಅವರ ಮಾತು ಮುಂದೆ ಬರುತ್ತದೆ.

ಹೋವರ್ಡ್ ಅವರ ಸಮಕಾಲೀನರೂ ಪತ್ರಮಿತ್ರರೂ ಆಗಿದ್ದ ಕ್ಲಾರ್ಕ್ ಆ್ಯಶ್ಟನ್ ಸ್ಮಿತ್ ಮೂಲತಃ ಕವಿ. ಕ್ಯಾಲಿಫೋರ್ನಿಯಾದ ಆಬರ್ನ್ ಊರಿನಲ್ಲಿ ಬಡತನದಲ್ಲಿ ಬದುಕಿದ ಅವರ ವಾಕ್ಯಗಳು ಹೊಳಪಿನ, ಅಪರೂಪದ ಪದಗಳ ಭಾರದಿಂದ ತೂಗುತ್ತವೆ. ಇಂಗ್ಲಿಷ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಗುತ್ತದೆ, ಮತ್ತು ಆ ಶ್ರಮ ವ್ಯರ್ಥವಾಗುವುದಿಲ್ಲ. 1931ರ ‘ದಿ ಟೇಲ್ ಆಫ್ ಸತಾಂಪ್ರ ಜೀರೋಸ್’ ಕಥೆಯ ನಿರೂಪಕ ತನ್ನ ಬಲಗೈ ಇಲ್ಲದ ಕಾರಣ ಎಡಗೈಯಿಂದ ಬರೆಯುತ್ತಿದ್ದೇನೆ ಎಂದು ಮೊದಲ ವಾಕ್ಯದಲ್ಲೇ ಹೇಳುತ್ತಾನೆ. ಪಾಳುಬಿದ್ದ ಗುಡಿಯಲ್ಲಿ ಆ ಕೈ ಹೇಗೆ ಹೋಯಿತು ಎಂಬುದೇ ಇಡೀ ಕಥೆ. ನಾಯಕ ತೆರುವ ಬೆಲೆಯನ್ನು ಮೊದಲೇ ತೋರಿಸಿ, ಆಮೇಲೆ ಭಯವನ್ನು ಇಷ್ಟಿಷ್ಟೇ ಬಡಿಸುವ ಈ ಕ್ರಮ ಅಚ್ಚುಕಟ್ಟಾದುದು. ಸೂರ್ಯ ನಂದುತ್ತಿರುವ ಕಾಲದ, ಜೋಥಿಕ್ ಎಂಬ ಕಟ್ಟಕಡೆಯ ಭೂಖಂಡದ ಕಥೆಗಳಲ್ಲಿ 1932ರ ‘ದಿ ಎಂಪೈರ್ ಆಫ್ ದಿ ನೆಕ್ರೊಮ್ಯಾನ್ಸರ್ಸ್’ ಅನ್ನು ಮೊದಲು ಓದಬಹುದು: ಇಬ್ಬರು ಮಾಟಗಾರರು ಸತ್ತ ಸಾಮ್ರಾಜ್ಯವೊಂದರ ಜನರನ್ನೂ ರಾಜರನ್ನೂ ಎಬ್ಬಿಸಿ ಆಳುಗಳನ್ನಾಗಿ ದುಡಿಸುತ್ತಾರೆ, ಆ ಸತ್ತವರ ಏಕೈಕ ಆಸೆ ಮತ್ತೆ ಸಾಯುವುದು.

ಸಿ. ಎಲ್. ಮೂರ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕ್ಯಾಥರಿನ್ ಲೂಸಿಲ್ ಮೂರ್ ಇಂಡಿಯಾನಾಪೊಲಿಸ್‌ನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದರು. ತಾವು ಕಥೆ ಮಾರುತ್ತಿರುವುದು ಮೇಲಿನವರಿಗೆ ತಿಳಿಯದಿರಲೆಂದು ಹೆಸರಿನ ಮೊದಲಕ್ಷರಗಳನ್ನಷ್ಟೇ ಬಳಸಿದರು. 1934ರ ಅಕ್ಟೋಬರಿನ ‘ಬ್ಲ್ಯಾಕ್ ಗಾಡ್ಸ್ ಕಿಸ್’ ಕಥೆಯಲ್ಲಿ ಮಧ್ಯಯುಗದ ಫ್ರಾನ್ಸಿನ ಜಾಯ್ರಿ ಕೋಟೆಯ ಒಡತಿ ಜಿರೆಲ್ ಸೋತು ಸೆರೆಯಾಗಿದ್ದಾಳೆ, ಗೆದ್ದ ಗಿಯೋಮ್ ಬಲವಂತವಾಗಿ ಅವಳಿಗೆ ಮುತ್ತಿಟ್ಟಿದ್ದಾನೆ. ಸೇಡಿನ ಅಸ್ತ್ರವನ್ನು ಅರಸುತ್ತ ಅವಳು ಕೋಟೆಯ ಅಡಿಯ ಸುರಂಗದಿಂದ ಬೇರೊಂದು ಲೋಕಕ್ಕೆ ಇಳಿಯುತ್ತಾಳೆ. ಕುತ್ತಿಗೆಯಲ್ಲಿ ಶಿಲುಬೆ ಇರುವವರೆಗೆ ಅವಳ ಸುತ್ತ ಬರಿ ಕತ್ತಲು. ಅದನ್ನು ತೆಗೆದೆಸೆದ ಕ್ಷಣ ಆ ಲೋಕದ ಆಕಾಶ, ನಕ್ಷತ್ರ, ಬಯಲು ಕಣ್ಣಿಗೆ ಬೀಳುತ್ತವೆ. ನಂಬಿಕೆಯನ್ನು ಕಳಚದೆ ಅಲ್ಲಿ ಏನನ್ನೂ ಕಾಣಲಾಗದು ಎಂಬ ಒಂದೇ ವಿವರದಿಂದ ಮೂರ್ ಸಾಧಿಸುವ ನಡುಕವನ್ನು ನೂರು ರಾಕ್ಷಸರಿಂದಲೂ ಹುಟ್ಟಿಸಲಾಗದು. ತಾನು ಕೊಂದವನನ್ನೇ ತಾನು ಪ್ರೀತಿಸಿದ್ದೆ ಎಂದು ಜಿರೆಲ್‌ಗೆ ಕೊನೆಯಲ್ಲಿ ಅರಿವಾಗುವುದನ್ನು ಇಂದಿನ ಓದುಗರು ಸುಲಭವಾಗಿ ಒಪ್ಪಲಾರರು. ಆ ಇರುಸುಮುರುಸನ್ನು ಅನುಭವಿಸುತ್ತಲೇ ಓದಬೇಕಾದ ಕಥೆಯಿದು.

ಫ್ರಿಟ್ಜ್ ಲೈಬರ್ ಅವರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಈ ಪ್ರಕಾರಕ್ಕೆ ನಗುವನ್ನೂ ಗೆಳೆತನವನ್ನೂ ತಂದವರು ಅವರು. ಉತ್ತರದ ಹಿಮಸೀಮೆಯ ಎತ್ತರದ ಆಳು ಫಾಫರ್ಡ್, ಕುಳ್ಳಗಿನ ಚುರುಕು ಕಳ್ಳ ಗ್ರೇ ಮೌಸರ್ ಎಂಬ ಜೋಡಿಯ ಕಲ್ಪನೆ ಮೊದಲು ಮೂಡಿದ್ದು ಲೈಬರ್ ಅವರ ಗೆಳೆಯ ಹ್ಯಾರಿ ಫಿಶರ್ ಬರೆದ ಪತ್ರದಲ್ಲಿ. ಮೊದಲ ಕಥೆ 1939ರಲ್ಲಿ ‘ಅನ್‌ನೋನ್’ ಪತ್ರಿಕೆಯಲ್ಲಿ ಬಂತು. ಲೈಬರ್ ಅರ್ಧ ಶತಮಾನದುದ್ದಕ್ಕೂ ಈ ಜೋಡಿಯ ಬಗ್ಗೆ ಬರೆಯುತ್ತಲೇ ಇದ್ದರು. ಇವರಿಬ್ಬರು ಭೇಟಿಯಾದ ಬಗೆಯನ್ನು ಹೇಳುವ ‘ಇಲ್ ಮೆಟ್ ಇನ್ ಲಂಕ್ಮಾರ್’ ಕಥಾಕಾಲದಲ್ಲಿ ಮೊದಲಿನದಾದರೂ ಬರೆದದ್ದು 1970ರಲ್ಲಿ. ಹ್ಯೂಗೊ ಮತ್ತು ನೆಬ್ಯುಲಾ ಎರಡೂ ಪ್ರಶಸ್ತಿಗಳನ್ನು ಪಡೆದ, ಕುಡಿತದ ಹುಡುಗಾಟದಿಂದ ಆರಂಭವಾಗಿ ಎದೆ ಒಡೆಯುವ ಸಾವಿನಲ್ಲಿ ಮುಗಿಯುವ ಕಥೆ ಅದು. ಅದನ್ನು ಓದದೆ ಬಿಡಬಾರದು. ಆದರೆ ಅದಕ್ಕೂ ಮೊದಲು 1959ರ ‘ಲೀನ್ ಟೈಮ್ಸ್ ಇನ್ ಲಂಕ್ಮಾರ್’ ಓದಿ ಈ ಇಬ್ಬರ ಪರಿಚಯ ಮಾಡಿಕೊಂಡರೆ ಆ ಸಾವು ಇನ್ನಷ್ಟು ತಟ್ಟುತ್ತದೆ.

ಲಂಕ್ಮಾರ್ ನಗರದಲ್ಲಿ ದೇವರುಗಳ ಬೀದಿಯೊಂದಿದೆ. ಹೊಸ ದೇವರು ಯಾವುದೇ ಬರಲಿ, ಮೊದಲು ಜವುಗು ಬಾಗಿಲಿನ ಬಳಿಯ ಬಡ ತುದಿಯಲ್ಲಿ ನೆಲೆಯೂರಬೇಕು; ಭಕ್ತರೂ ಕಾಣಿಕೆಯೂ ಹೆಚ್ಚಿದಂತೆ ಬೀದಿಯ ಮೇಲ್ತುದಿಗೆ ಸರಿಯುತ್ತದೆ, ಕಡಿಮೆಯಾದರೆ ಮತ್ತೆ ಕೆಳಗಿಳಿಯುತ್ತದೆ. ಗೆಳೆಯರಿಬ್ಬರೂ ಜಗಳವಾಡಿ ಬೇರೆಯಾಗಿದ್ದಾರೆ. ಫಾಫರ್ಡ್ ಕತ್ತಿಯನ್ನು ಮುರಿದೆಸೆದು, ಇಸೆಕ್ ಎಂಬ ಯಾರಿಗೂ ಬೇಡದ ದೇವರ ಮುದಿ ಪೂಜಾರಿಗೆ ಶಿಷ್ಯನಾಗುತ್ತಾನೆ. ಮೌಸರ್ ಪೂಜಾರಿಗಳಿಂದ ಬಲವಂತದ ವಸೂಲಿ ಮಾಡುವ ಪಲ್ಗ್ ಎಂಬ ಪುಂಡನ ಬಂಟನಾಗುತ್ತಾನೆ. ಹುಟ್ಟೂರಿನಲ್ಲಿ ಹಾಡುಗಬ್ಬ ಕಲಿತಿದ್ದ ಫಾಫರ್ಡ್ ದೇವರ ಸಪ್ಪೆ ಪುರಾಣಕ್ಕೆ ಉಪ್ಪುಖಾರ ಬೆರೆಸಿ ಹಾಡತೊಡಗಿದ ಮೇಲೆ ಇಸೆಕ್ ಬೀದಿಯಲ್ಲಿ ಮೇಲೇರುತ್ತಾನೆ. ವಸೂಲಿಗೆ ಹೋಗಬೇಕಾದ ಸರದಿ ಮೌಸರ್‌ನದಾಗುತ್ತದೆ. ಗೆಳೆಯನನ್ನು ಉಳಿಸಲು ಅವನು ಹೂಡುವ ಉಪಾಯ ತಲೆಕೆಳಗಾಗಿ, ಬೋಳಿಸಿದ ತಲೆಯೊಂದಿಗೆ ಮಂಚಕ್ಕೆ ಕಟ್ಟಿಹಾಕಿದ ಸ್ಥಿತಿಯಲ್ಲಿರುವ ಫಾಫರ್ಡ್ ಭಕ್ತಸಮೂಹದ ಕಣ್ಣಿಗೆ ಸಾಕ್ಷಾತ್ ದೇವರಾಗಿ ಕಾಣುವ ಪ್ರಸಂಗವನ್ನು ನಾನಿಲ್ಲಿ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಕತ್ತಿವರಸೆಯಾಗಲಿ ಮಾಟವಾಗಲಿ ಈ ಕಥೆಯಲ್ಲಿ ಹೆಚ್ಚಿಲ್ಲ. ಮೇಲೆ ಹೇಳಿದ ಅಳತೆಗೋಲಿಗೆ ಇದು ಪೂರ್ತಿ ಒಗ್ಗುವುದೂ ಇಲ್ಲ. ಆದರೂ ಭಕ್ತಿ, ಹಣ ಮತ್ತು ಪುಂಡಾಟ ಒಂದೇ ಬೀದಿಯಲ್ಲಿ ಹೆಣೆದುಕೊಳ್ಳುವ ಬಗೆಯನ್ನು ಇಷ್ಟು ನಿಖರವಾಗಿ ಹಿಡಿದ ಇನ್ನೊಂದು ಕಥೆ ಈ ಪ್ರಕಾರದಲ್ಲಿಲ್ಲ. ಕಸವನ್ನೇ ನಿಧಿಯೆಂದು ತೋರಿಸಿ ಮಾರುವ ಬೇರೊಂದು ಲೋಕದ ವರ್ತಕರ ಅಂಗಡಿಯನ್ನು ಚಿತ್ರಿಸುವ, 1963ರ ‘ಬಜಾರ್ ಆಫ್ ದಿ ಬಿಜಾರ್’ ಕಥೆಯನ್ನು ಇದರ ಬೆನ್ನಿಗೇ ಓದಬಹುದು.

ಮೈಕೆಲ್ ಮೂರ್ಕಾಕ್ ಕೋನನ್‌ನನ್ನು ಬೇಕೆಂದೇ ತಿರುಗಿಸಿ ಹಾಕಿದವರು. ಅವರ ಎಲ್ರಿಕ್ ಬಿಳುಪುರೋಗದ, ಔಷಧಿಯಿಲ್ಲದೆ ನಿಲ್ಲಲಾರದ, ಓದಿಕೊಂಡ ಚಕ್ರವರ್ತಿ. ಅವನೇ ಸ್ವತಃ ಮಾಟಗಾರ. ಅವನ ಕರಿಯ ಕತ್ತಿ ಸ್ಟಾರ್ಮ್‌ಬ್ರಿಂಗರ್ ಕೊಂದವರ ಆತ್ಮಗಳನ್ನು ಕುಡಿದು ಅವನಿಗೆ ಬಲ ಕೊಡುತ್ತದೆ. 1961ರ ‘ದಿ ಡ್ರೀಮಿಂಗ್ ಸಿಟಿ’ ಕಥೆಯಲ್ಲಿ ಅವನು ಕಡಲುಗಳ್ಳರನ್ನು ಕರೆತಂದು ತನ್ನದೇ ರಾಜಧಾನಿಯನ್ನು ಸುಡಿಸುತ್ತಾನೆ, ಅವನು ಉಳಿಸಿಕೊಳ್ಳಲೆಂದು ಬಂದಿದ್ದ ಪ್ರೇಯಸಿಯೇ ಅವನ ಕತ್ತಿಗೆ ಆಹುತಿಯಾಗುತ್ತಾಳೆ. ಸಂಪುಟಗಳ ಅಂಕಿಯನ್ನು ನಂಬಿದವರು 1972ರಲ್ಲಿ ಬರೆದ ಪೂರ್ವಕಥೆಯ ಕಾದಂಬರಿಯಿಂದ ಆರಂಭಿಸುತ್ತಾರೆ. ಹಾಗೆ ಮಾಡದೆ ಈ ಕಥೆಯಿಂದಲೇ ಆರಂಭಿಸಬೇಕು. ನಾಯಕನ ಬದುಕು ಕುಸಿದ ಮೇಲೆ ಅವನನ್ನು ಭೇಟಿಯಾಗುವುದು, ಅದು ಕುಸಿಯುವುದನ್ನು ಕಾಯುತ್ತ ಕೂರುವುದಕ್ಕಿಂತ ಬಲವಾದ ಅನುಭವ.

ಜ್ಯಾಕ್ ವ್ಯಾನ್ಸ್ ಅವರ 1950ರ ‘ದಿ ಡೈಯಿಂಗ್ ಅರ್ಥ್’ ಸಂಕಲನದಿಂದ ‘ಲಿಯೇನ್ ದಿ ವೇಫೇರರ್’ ಒಂದನ್ನೇ ಆರಿಸಿಕೊಂಡರೂ ಸಾಕು. ಹತ್ತಾರು ಪುಟಗಳಲ್ಲಿ ಮುಗಿಯುವ ಆ ಕಥೆಯ ಕೊನೆಯ ಸಾಲುಗಳು ಬಹುಕಾಲ ಬಿಡುವುದಿಲ್ಲ. ಮಂತ್ರವನ್ನು ಬಾಯಿಪಾಠ ಮಾಡಿ, ಒಮ್ಮೆ ಉಚ್ಚರಿಸಿದ ಕೂಡಲೇ ಅದು ನೆನಪಿನಿಂದ ಅಳಿಸಿಹೋಗುವ ವ್ಯಾನ್ಸ್ ಅವರ ಕಲ್ಪನೆಯೇ ಮುಂದೆ 1974ರಲ್ಲಿ ಬಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದ ನಿಯಮವಾಯಿತು. ಆ ಆಟದ ಸೃಷ್ಟಿಕರ್ತರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರ ಕೈಪಿಡಿಯಲ್ಲಿ ತಮಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿಯನ್ನು ಕೊಟ್ಟಿದ್ದಾರೆ, ಅನೇಕರು ಇಂದಿಗೂ ಅದನ್ನೇ ಓದಿನ ಮಾರ್ಗದರ್ಶಿಯಾಗಿ ಬಳಸುತ್ತಾರೆ. ಹೋವರ್ಡ್, ಲೈಬರ್, ಮೂರ್ಕಾಕ್, ವ್ಯಾನ್ಸ್ ಎಲ್ಲರೂ ಅದರಲ್ಲಿದ್ದಾರೆ, ಸ್ಮಿತ್ ಮತ್ತು ಮೂರ್ ಇಲ್ಲ. ಆಟಕ್ಕೆ ನೆರವಾದ ಪುಸ್ತಕಗಳ ಪಟ್ಟಿ ಒಳ್ಳೆಯ ಕಥೆಗಳ ಪಟ್ಟಿಯಾಗಿರಬೇಕಿಲ್ಲ ಎಂಬುದಕ್ಕೆ ಈ ಎರಡು ಹೆಸರುಗಳ ಗೈರುಹಾಜರಿಯೇ ಸಾಕು.

ಮೇಲೆ ಸೂಚಿಸಿದ ಕಪ್ಪು ಲೇಖಕರು ಚಾರ್ಲ್ಸ್ ಆರ್. ಸಾಂಡರ್ಸ್. 1946ರಲ್ಲಿ ಅಮೆರಿಕದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಅವರು, ಹೋವರ್ಡ್ ಅವರನ್ನು ಮೆಚ್ಚುತ್ತಲೇ ಅವರ ಕಥೆಗಳಲ್ಲಿ ತನ್ನಂಥವರಿಗೆ ಇದ್ದ ಸ್ಥಾನವನ್ನು ಕಂಡು ನೊಂದವರು. 1970ರ ದಶಕದಲ್ಲಿ ಸಣ್ಣ ಪತ್ರಿಕೆಗಳಲ್ಲಿ ಅವರು ಬರೆಯತೊಡಗಿದ ಇಮಾರೋ ಕಥೆಗಳು ಆಫ್ರಿಕಾದ ಪುರಾಣ, ಇತಿಹಾಸ, ಭೂಗೋಳಗಳ ಮೇಲೆ ಕಟ್ಟಿದ ಲೋಕದಲ್ಲಿ ನಡೆಯುತ್ತವೆ. 1981ರಲ್ಲಿ ಅವು ಪುಸ್ತಕವಾಗಿ ಬಂದವು. ದನಗಾಹಿ ಯೋಧರ ಕುಲದಲ್ಲಿ ಬೆಳೆದೂ ಅವರಲ್ಲೊಬ್ಬನಾಗದ ಇಮಾರೋ ಯಾವ ನಾಯಕನ ನೆರಳೂ ಅಲ್ಲ. ಹೋವರ್ಡ್ ಅವರ ಮೂರು ನಾಲ್ಕು ಕಥೆಗಳ ನಂತರ ಇವನ್ನು ಓದಿದರೆ, ಒಬ್ಬರಲ್ಲಿ ಕಂಡ ಕುರುಡುತನವನ್ನು ಇನ್ನೊಬ್ಬರು ಎಲ್ಲಿ, ಹೇಗೆ ಎದುರಿಸಿದ್ದಾರೆ ಎಂಬುದು ವಾದವಿಲ್ಲದೆಯೇ ಮನದಟ್ಟಾಗುತ್ತದೆ. ಕಾರ್ಲ್ ಎಡ್ವರ್ಡ್ ವ್ಯಾಗ್ನರ್ ಅವರ, ಸಾವಿಲ್ಲದ ಪಾಪಿ ಕೇನ್‌ನ ಕಥೆಗಳನ್ನೂ, ಜೋಆನಾ ರಸ್ ಅವರ ಅಲಿಕ್ಸ್ ಎಂಬ ಜಾಣ ಕಳ್ಳಿಯ ಕಥೆಗಳನ್ನೂ ಈ ಹಂತದ ನಂತರ ಹುಡುಕಿಕೊಳ್ಳಬಹುದು.

ಕನ್ನಡದಲ್ಲಿ ಓದಲು ಬಯಸುವವರ ಪಾಲಿಗೆ ಒಂದು ಅನುಕೂಲದ ಸಂಗತಿಯಿದೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 1936ರಲ್ಲಿ ತೀರಿಕೊಂಡ ಹೋವರ್ಡ್ ಅವರು ಬದುಕಿದ್ದಾಗ ಅಚ್ಚಾದ ಕಥೆಗಳ ಹಕ್ಕಿನ ಅವಧಿ ಇಲ್ಲಿ ಬಹಳ ಹಿಂದೆಯೇ, 1961ರಲ್ಲಿ ತೀರಿಕೊಂಡ ಸ್ಮಿತ್ ಅವರ ಅಂಥ ಕಥೆಗಳದ್ದು 2021ರ ಕೊನೆಗೆ ಮುಗಿದಿದೆ. ಮೂರ್ 1987ರವರೆಗೆ, ಲೈಬರ್ 1992ರವರೆಗೆ ಬದುಕಿದ್ದರಿಂದ ಅವರ ಕಥೆಗಳಿಗೆ ಇನ್ನೂ ಅನುಮತಿ ಬೇಕು. ಎಂದರೆ ಆನೆಮುಖದ ಯಾಗ್‌ಕೋಶನನ್ನೂ ಎಡಗೈಯಲ್ಲಿ ಬರೆಯುವ ಸತಾಂಪ್ರ ಜೀರೋಸನನ್ನೂ ಕನ್ನಡಕ್ಕೆ ತರಲು ಅನುವಾದಕರು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಹೋವರ್ಡ್ ಅವರ ವೇಗದ, ಕ್ರಿಯಾಪದಗಳೇ ಮುನ್ನಡೆಸುವ ಗದ್ಯಕ್ಕೆ ನಮ್ಮ ಜನಪದ ಕಥನದ ಬಿರುಸು ಹೊಂದಬಹುದು. ಸ್ಮಿತ್ ಅವರ ಭಾರವಾದ ಅಲಂಕಾರಕ್ಕೆ ಹಳಗನ್ನಡ ಮತ್ತು ಸಂಸ್ಕೃತದ ಪದಕೋಶ ಎರಡರಲ್ಲೂ ಪಳಗಿದ ಕೈ ಬೇಕಾಗುತ್ತದೆ, ಮತ್ತು ಆ ಕೆಲಸಕ್ಕೆ ಮೊದಲು ಎತ್ತಿಕೊಳ್ಳಬೇಕಾದದ್ದು ‘ದಿ ಎಂಪೈರ್ ಆಫ್ ದಿ ನೆಕ್ರೊಮ್ಯಾನ್ಸರ್ಸ್’ ಎಂದು ನನಗೆ ಅನ್ನಿಸುತ್ತದೆ.